ನಮ್ಮ ಶಾಲೆಯ ಮೈದಾನ ಉಳಿಸಿಕೊಟ್ಟ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮ ಸರ್ಕಾರಿ ಶಾಲೆಯ ವಾರ್ಷಿಕೋತ್ಸವ ಮೈದಾನದಲ್ಲೇ, ಸಂಜೆ ಹೊತ್ತಲ್ಲೇ ನಡೆಯಿತು. ಕತ್ತಲಾದ ಮೇಲೂ ಅಜ್ಜಿಯರು, ಕೈಗೂಸು ಎತ್ತಿಕೊಂಡ ತಾಯಂದಿರು, ಕಾಲೇಜಿಗೆ ಹೋಗುವ ಹುಡುಗಿಯರು ಕೊನೇ ಡಾನ್ಸ್ ಮುಗಿಯುವ ತನಕ ಕೂತಿದ್ದರು. ಬೇರೆ ಕಡೆಯವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. ಕೋಲಾರದ ಅಂಚಿನಲ್ಲಿರುವ ನಮ್ಮ ಬಡಾವಣೆಯವರಿಗೆ ಮಾತ್ರ ಇದರ ಬೆಲೆ ಗೊತ್ತು. ಹೋದ ವರ್ಷ ಇದೇ ಹೊತ್ತಿಗೆ, ಸಂಜೆ ಏಳು ಆದರೆ ಮೈದಾನದಲ್ಲಿ ಕುಡುಕರು ಕೂತಿರುತ್ತಿದ್ದರು, ಆ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆಯಾಗಿ, ಅದಕ್ಕಿಂತ ಜಾಸ್ತಿ ಅದೇ ಶಾಲೆಯಲ್ಲಿ ಓದುವ ಇಬ್ಬರು ಮಕ್ಕಳ ತಾಯಿಯಾಗಿ, ಈ ಧನ್ಯವಾದವನ್ನು ಎಲ್ಲರೆದುರೇ ಹೇಳಬೇಕು ಅನ್ನಿಸಿತು.

ಆಗಿನ ಸ್ಥಿತಿ ಹೇಳದೆ ಇದ್ದರೆ ಯಾರು ಏನು ಮಾಡಿದರು ಅನ್ನುವುದು ತಿಳಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎಚ್‌ಎಂ ಮೇಡಂ ಮತ್ತು ಅಡುಗೆಯವರು ಪೊರಕೆ ಹಿಡಿದು ಮೈದಾನ ಸುತ್ತಬೇಕಿತ್ತು. ಟೆಟ್ರಾ ಪ್ಯಾಕು, ಪ್ಲಾಸ್ಟಿಕ್ ಲೋಟ, ಇಸ್ಪೀಟ್ ಎಲೆ, ಒಡೆದ ಬಾಟಲಿ. ಎಲ್ಲಕ್ಕಿಂತ ಕಷ್ಟ ಲಾಂಗ್ ಜಂಪಿನ ಮರಳಿನದು. ಮರಳೊಳಗೆ ಗಾಜಿನ ಚೂರು ಕಣ್ಣಿಗೆ ಬೀಳುವುದಿಲ್ಲ. ಮೇಷ್ಟ್ರು ಜರಡಿ ತಂದು ಮರಳು ಜರಡಿ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಆದರೂ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಪಾದ ಸೀಳಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಬೇಕಾಯಿತು. ಮಾರನೇ ದಿನ ಅವಳ ತಾಯಿ ಟಿಸಿ ಕೇಳಿಕೊಂಡು ಬಂದರು. ಅವರಿಗೆ ಏನಂತ ಹೇಳುವುದು?

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವ ಹೆಣ್ಣುಮಕ್ಕಳ ಕಷ್ಟ ಬೇರೆ. ಕಂಪನಿ ಬಸ್ಸು ಅವರನ್ನು ಮೇನ್ ರೋಡಲ್ಲಿ ಇಳಿಸುತ್ತದೆ. ಮನೆಗೆ ಬರಬೇಕಾದರೆ ಶಾಲೆಯ ಗೋಡೆ ಪಕ್ಕದ ದಾರಿ. ಅಲ್ಲಿ ಕೂತವರು ಆಡುತ್ತಿದ್ದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಬಸ್ಸು ಇಳಿಯುವ ಮುಂಚೆಯೇ ಮನೆಗೆ ಫೋನ್ ಮಾಡಿ, ಅಣ್ಣನೋ ಅಪ್ಪನೋ ಬರುವ ತನಕ ರೋಡಲ್ಲೇ ನಿಂತಿರುತ್ತಿದ್ದರು. ಒಬ್ಬಳಂತೂ ಸೆಕೆಂಡ್ ಶಿಫ್ಟೇ ಬೇಡ ಅಂತ ಕೆಲಸ ಬಿಟ್ಟಳು.

ದೂರು ಕೊಟ್ಟಿಲ್ಲ ಅಂತಲ್ಲ. ಒಂದು ಕಚೇರಿಗೆ ಹೋದರೆ ಇದು ನಮ್ಮದಲ್ಲ, ಅಲ್ಲಿಗೆ ಹೋಗಿ ಅನ್ನುತ್ತಿದ್ದರು. ಕಂಬ ಒಬ್ಬರದು, ಬಲ್ಬು ಇನ್ನೊಬ್ಬರದು, ಪೊದೆ ಯಾರದೂ ಅಲ್ಲ. ಅವರೆಲ್ಲ ಕೆಲಸಗಳ್ಳರು ಅಂತ ನಾನು ಹೇಳುವುದಿಲ್ಲ. ಒಬ್ಬೊಬ್ಬರ ಕೈಯಲ್ಲಿ ಇದ್ದದ್ದು ಒಂದೊಂದು ತುಂಡು ಕೆಲಸ, ಅದನ್ನು ಮಾತ್ರ ಮಾಡಿದರೆ ಏನೂ ಬದಲಾಗುತ್ತಿರಲಿಲ್ಲ.

ಬದಲಾದದ್ದು ಠಾಣೆಯ ಜನಸಂಪರ್ಕ ಸಭೆಯಲ್ಲಿ. ನಮ್ಮ ಮಾತು ಪೂರ್ತಿ ಕೇಳಿದ ಸಬ್ ಇನ್‌ಸ್ಪೆಕ್ಟರ್, "ಅಬಕಾರಿ ಕಾಯ್ದೆಯ 15ಎ ಕಲಂನಲ್ಲಿ, ಸಾರ್ವಜನಿಕ ಜಾಗದಲ್ಲಿ ಕುಡಿದದ್ದಕ್ಕೆ, ಕೇಸು ಹಾಕುತ್ತೇವಮ್ಮ. ಆದರೆ ದಂಡ ಕಟ್ಟಿದವನು ನಾಳೆ ಅದೇ ಕತ್ತಲಿಗೆ ಬರುತ್ತಾನೆ. ಎಲ್ಲರನ್ನೂ ಆ ಜಾಗಕ್ಕೇ ಕರೆಯೋಣ, ಅದೂ ಸಂಜೆ ಮೇಲೆ" ಅಂದರು. ಹಾಗೇ ಕರೆದರು. ನಗರಸಭೆ, ಬೆಸ್ಕಾಂ, ಅಬಕಾರಿ, ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆಯ ಬಿಇಒ ಕಚೇರಿ, ಎಲ್ಲ ಕಡೆಯಿಂದಲೂ ಬಂದರು. ಆ ಸಂಜೆ ಬಂದದ್ದಕ್ಕೇ ಮೊದಲ ಧನ್ಯವಾದ. ಡ್ಯೂಟಿ ಮುಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಜಾಲಿ ಮುಳ್ಳಿನ ನಡುವೆ ಓಡಾಡುವುದು ಯಾರಿಗೂ ಇಷ್ಟದ ಕೆಲಸವಲ್ಲ.

ಅಲ್ಲಿ ನಿಂತಾಗ ಗೊತ್ತಾಯಿತು. ಬಲ್ಬು ಹಾಕಿದರೆ ಸಾಲದು, ಹೊಂಗೆ ಕೊಂಬೆ ಬೆಳಕನ್ನೆಲ್ಲ ತಡೆಯುತ್ತಿದೆ. ಕೊಂಬೆ ಕಡಿಯಬೇಕಾದರೆ ಲೈನ್ ಆಫ್ ಮಾಡಬೇಕು. ಪೊದೆ ಕಿತ್ತರೂ ಹಿಂದಿನ ಗೋಡೆಯ ಒಡಕು ಹಾಗೇ ಇದ್ದರೆ ಜನ ನುಗ್ಗುತ್ತಾರೆ. ಬೆಸ್ಕಾಂನ ಲೈನ್‌ಮನ್ ಅಣ್ಣಂದಿರು ಕರೆಂಟ್ ತೆಗೆದು ಕೊಂಬೆ ಇಳಿಸಿದ ದಿನವೇ ನಗರಸಭೆಯವರು ಎಲ್‌ಇಡಿ ದೀಪ ಹಾಕಿದರು. ಜೆಸಿಬಿ ಬಂದು ಜಾಲಿ ಕಿತ್ತಿತು. ಗೋಡೆ ಕಟ್ಟಿದರು. ಆ ಪೊದೆಯೊಳಗೆ ಎಷ್ಟೋ ಕಾಲದಿಂದ ಬಿದ್ದಿದ್ದ ಗಾಜನ್ನು ಕೈಯಾರೆ ಆರಿಸಿ ಮೂಟೆ ಕಟ್ಟಿದವರು ನಮ್ಮ ಪೌರಕಾರ್ಮಿಕ ಅಕ್ಕಂದಿರು. ದಯವಿಟ್ಟು ಅವರನ್ನು ಯಾರೂ ಮರೆಯಬೇಡಿ.

ಅಬಕಾರಿ ಇಲಾಖೆಯವರಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಾವು ಎಂಆರ್‌ಪಿ ಅಂಗಡಿ ಅನ್ನುತ್ತೇವಲ್ಲ, ಸಿಎಲ್-2 ಲೈಸೆನ್ಸಿನದು, ಅಲ್ಲಿ ಸೀಲ್ ಇರುವ ಬಾಟಲಿ ಮಾರಬಹುದು ಅಷ್ಟೇ, ಕೂತು ಕುಡಿಯುವ ಹಾಗಿಲ್ಲ. ಮನೆಗೂ ಒಯ್ಯಲಾಗದವರು ನಡುವೆ ಸಿಕ್ಕ ನಮ್ಮ ಮೈದಾನಕ್ಕೆ ಬರುತ್ತಿದ್ದರು. ಲೋಟ, ನೀರು, ಸಿಗರೇಟು ಪಕ್ಕದ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತಿತ್ತು. ತಂಬಾಕು ನಿಯಂತ್ರಣ ಕೋಶದವರು ಶಾಲೆ ಗೇಟಿಂದ ಟೇಪ್ ಹಿಡಿದು ಅಳೆದರು. ಕಾನೂನಿನಲ್ಲಿ ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವ ಹಾಗಿಲ್ಲ. 2025ರಿಂದ ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಎಲ್ಲೂ ಮಾರುವ ಹಾಗಿಲ್ಲ. ಗದರಿಸದೆ, ಅಂಗಡಿಯವರಿಗೆ ಕೂರಿಸಿಕೊಂಡು ಹೇಳಿದರು. ಇಬ್ಬರು ಅಂಗಡಿಯವರು ಅವತ್ತಿನಿಂದಲೇ ನಿಲ್ಲಿಸಿದರು. ಅವರಿಗೆ ವ್ಯಾಪಾರ ಕಮ್ಮಿಯಾಗಿದೆ, ಅದು ನನಗೆ ಗೊತ್ತು. ಅದಕ್ಕೇ ಅವರಿಗೆ ಧನ್ಯವಾದ ಸ್ವಲ್ಪ ಜಾಸ್ತಿಯೇ ಸಲ್ಲಬೇಕು.

ಬೀಟ್ ಪೊಲೀಸ್ ಅಣ್ಣನ ಬಗ್ಗೆ ಏನು ಹೇಳಲಿ! ಬೀಟ್ ಪುಸ್ತಕವನ್ನು ಶಾಲೆಯ ಹಿಂದಿನ ಗೇಟಿಗೆ ತಂದು ಇಟ್ಟರು. ಮೊದಲಿನ ಹಾಗೆ ಸೈರನ್ ಹಾಕಿಕೊಂಡು ಬಂದು ಓಡಿಸಿ ಹೋಗುವುದಲ್ಲ. ಕಂಪನಿ ಬಸ್ಸು ಬರುವ ಹೊತ್ತಿಗೆ ನಡೆದೇ ಬರುತ್ತಾರೆ, ಸಹಿ ಹಾಕುತ್ತಾರೆ, ಯಾರ ಮನೆಯವರು ಅಂತ ಹೆಸರು ಹಿಡಿದು ಮಾತಾಡಿಸುತ್ತಾರೆ. ಅಲ್ಲಿ ಸಿಕ್ಕವರಲ್ಲಿ ಇಬ್ಬರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ನಮ್ಮ ಶಾಲೆಯಲ್ಲೇ ಓದಿದವರು. ಅವರನ್ನು ಠಾಣೆಯಲ್ಲಿ ಕೂರಿಸದೆ, ತಂದೆ ತಾಯಿಯನ್ನು ಶಾಲೆಗೇ ಕರೆಸಿ, ಎಚ್‌ಎಂ ಮೇಡಂ ಎದುರು ಮಾತಾಡಿದರು. ಮೇಡಂ ಗದರಲಿಲ್ಲ. "ಊಟ ಆಯ್ತೇನೋ?" ಅಂತ ಕೇಳಿದರು. ಅವರಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿಕೊಂಡು ಅತ್ತುಬಿಟ್ಟ.

ಓಡಿಸುವುದು ಸುಲಭ. ಓಡಿಹೋದ ಹುಡುಗರು ಸಂಜೆ ಎಲ್ಲಿರಬೇಕು ಅಂತ ಯೋಚಿಸಿದ್ದು ನಮ್ಮ ಪಿಟಿ ಮೇಷ್ಟ್ರು. ಎಂಟು ಗಂಟೆ ತನಕ ವಾಲಿಬಾಲ್ ಆಡಲು ಬಿಡೋಣ, ನಾನಿರುತ್ತೇನೆ ಅಂದರು. ಬಿಇಒ ಕಚೇರಿ ಒಪ್ಪಿತು. ಆ ಇಬ್ಬರಲ್ಲಿ ಒಬ್ಬ ದಿನಾ ಬರುತ್ತಾನೆ. ಇನ್ನೊಬ್ಬ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅವನನ್ನು ಬಿಡುವುದು ಬೇಡ, ದಾರಿಯಲ್ಲಿ ಸಿಕ್ಕರೆ ದಯವಿಟ್ಟು ಮಾತಾಡಿಸಿ.

ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಸರದಿ ಹಾಕಿಕೊಂಡು ಸಂಜೆ ಮೈದಾನದಲ್ಲಿ ವಾಕಿಂಗ್ ಶುರು ಮಾಡಿದರು. ಹೆಂಗಸರು ದಿನಾ ಓಡಾಡುವ ಜಾಗದಲ್ಲಿ ಕುಡುಕರು ಕೂರುವುದಿಲ್ಲ ಅನ್ನುವುದು ಅವರ ಲೆಕ್ಕಾಚಾರ. ಅದು ಸರಿಯಾಗಿಯೇ ಇತ್ತು.

ಎಲ್ಲ ಮುಗಿಯಿತು ಅಂತ ಹೇಳಲಾರೆ. ನಮ್ಮಲ್ಲಿಂದ ಎದ್ದವರಲ್ಲಿ ಕೆಲವರು ಈಗ ಹಿಂದಿನ ಬೀದಿಯ ಖಾಲಿ ಸೈಟುಗಳಲ್ಲಿ ಕೂರುತ್ತಿದ್ದಾರೆ. ಅಲ್ಲಿಯವರ ದೂರು ನ್ಯಾಯವಾದದ್ದೇ, ನಮ್ಮ ಮೈದಾನ ಚೊಕ್ಕವಾಗಲಿ ಅಂತ ಅವರ ಬಾಗಿಲು ಹಾಳಾಗಬಾರದು. ಇನ್ನೊಂದು ಚಿಂತೆ ವರ್ಗಾವಣೆಯದು. ಇವತ್ತಿನ ಸಾಹೇಬರು ನಾಳೆ ಬೇರೆ ತಾಲೂಕಿಗೆ ಹೋಗುತ್ತಾರೆ. ಅದಕ್ಕೆ ಯಾರು ಏನು ಮಾಡಿದರು, ಯಾವ ಕೆಲಸ ಯಾರದು ಅನ್ನುವುದನ್ನೆಲ್ಲ ಎಸ್‌ಡಿಎಂಸಿ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ, ಒಂದೊಂದು ಪ್ರತಿ ಎಲ್ಲ ಕಚೇರಿಗೂ ಕೊಟ್ಟಿದ್ದೇವೆ. ಹೊಸಬರು ಬಂದಾಗ ನಾವೇ ಹೋಗಿ ತೋರಿಸುತ್ತೇವೆ.

ಟಿಸಿ ಕೇಳಲು ಬಂದಿದ್ದ ಆ ತಾಯಿಗೆ ಕೊನೆಯ ಧನ್ಯವಾದ. ಒಂದು ತಿಂಗಳು ನೋಡಿ ಅಂತ ಮೇಡಂ ಕೇಳಿಕೊಂಡಾಗ ನಂಬಿ ನಿಂತರು. ಮಗಳು ಈಗ ಐದನೇ ಕ್ಲಾಸು, ಖೋಖೋ ಟೀಮಲ್ಲಿದ್ದಾಳೆ.

ಮುಂದಿನ ಸಭೆ ಬರುವ ಎರಡನೇ ಶನಿವಾರ ಸಂಜೆ ಆರೂವರೆಗೆ, ಈ ಸಲ ಹಿಂದಿನ ಬೀದಿಯ ಖಾಲಿ ಸೈಟಿನ ಹತ್ತಿರ. ಸೈಟಿನ ಮಾಲೀಕರಿಗೂ ಹೇಳಿ ಕಳಿಸಿದ್ದೇವೆ. ಅಲ್ಲಿಯವರು ತಪ್ಪದೆ ಬನ್ನಿ. ಅಷ್ಟರಲ್ಲಿ ರಾತ್ರಿ ಹೊತ್ತು ಏನಾದರೂ ಗಲಾಟೆಯಾದರೆ ನೀವೇ ಎದುರಿಗೆ ಹೋಗಬೇಡಿ, 112ಕ್ಕೆ ಫೋನ್ ಮಾಡಿ.