ಫೋನ್ ಬಿಲ್ಲಿನಲ್ಲಿ ಪಕ್ಕದೂರಿನ ತೆರಿಗೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ನಿಮ್ಮ ಓದುಗರಿಗೆ ಒಂದು ಮಾತು. ಮೊಬೈಲ್ ಬಿಲ್ಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ತೆರಿಗೆ ಸಾಲುಗಳನ್ನು ಒಮ್ಮೆ ಓದಿ. ನಾನಿರುವುದು ಫ್ಲೋರಿಡಾದಲ್ಲಿ. ನಮ್ಮ ಮನೆ ನಗರದ ಗಡಿಯಾಚೆ ಇದೆ, ಆದರೆ ಅಂಚೆ ವಿಳಾಸದಲ್ಲಿ ಆ ನಗರದ ಹೆಸರೇ ಬರುತ್ತದೆ. ಅಷ್ಟೇ ಸಾಕಾಯ್ತು, ಓಟು ಹಾಕೋಕೂ ಹಕ್ಕಿಲ್ಲದ ನಗರಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಫೋನ್ ತೆರಿಗೆ ಕಟ್ಟಿದ್ದೇನೆ.

ಮೊದಲು ಟವರ್ ಇರುವ ಊರಿಗೆ ತೆರಿಗೆಯೋ, ಬಿಲ್ ಹೋಗುವ ಊರಿಗೋ ಅಂತ ಒಂದೊಂದು ಕಡೆ ಒಂದೊಂದು ಲೆಕ್ಕ ಇತ್ತು. ಕಾರಿನಲ್ಲಿ ಮಾತಾಡುತ್ತಾ ಮೂರು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ದಾಟಿದವನ ಕರೆ ಯಾವ ಊರಿನದು ಹೇಳಿ! 2000ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯ್ದೆ ಇದನ್ನು ಬಗೆಹರಿಸಿತು: ಎಲ್ಲಿಂದ ಮಾತಾಡಿದರೂ ಸರಿ, ಫೋನನ್ನು ಮುಖ್ಯವಾಗಿ ಬಳಸುವ ಮನೆ ಅಥವಾ ಕಚೇರಿಯ ಬೀದಿ ವಿಳಾಸಕ್ಕೇ ತೆರಿಗೆ. 2002ರ ಆಗಸ್ಟ್‌ನಿಂದ ಬಿಲ್ಲುಗಳಿಗೆ ಇದೇ ನಿಯಮ. ಒಳ್ಳೆಯ ನಿಯಮವೇ, ತಕರಾರಿಲ್ಲ.

ತಕರಾರು ಇರುವುದು ವಿಳಾಸ ನೋಡಿ ಊರು ಗುರುತಿಸುವ ರೀತಿ ಬಗ್ಗೆ. ಯಾವ ವಿಳಾಸ ಯಾವ ನಗರಕ್ಕೆ, ಯಾವ ಕೌಂಟಿಗೆ ಸೇರಿದ್ದು ಎಂಬ ಡೇಟಾಬೇಸನ್ನು ರಾಜ್ಯ ಕೊಡಬಹುದು. ಕೊಡದಿದ್ದರೆ ಫೋನ್ ಕಂಪನಿ ಒಂಬತ್ತು ಅಂಕಿಯ ಜಿಪ್ ಕೋಡ್ ನೋಡಿ ತೀರ್ಮಾನಿಸಬಹುದು. ಜಿಪ್ ಕೋಡ್ ಹುಟ್ಟಿದ್ದು ಪತ್ರ ಹಂಚೋಕೆ. ಪೋಸ್ಟ್‌ಮನ್‌ಗೆ ನಗರದ ಗಡಿ ಕಟ್ಟಿಕೊಂಡು ಏನಾಗಬೇಕು? ಡೇಟಾಬೇಸ್ ಇದ್ದರೂ ನಿಶ್ಚಿಂತೆ ಇಲ್ಲ, ನಗರ ಪಕ್ಕದ ಬಡಾವಣೆಯನ್ನು ಸೇರಿಸಿಕೊಂಡಾಗಲೆಲ್ಲ ಅದನ್ನು ತಿದ್ದಬೇಕು. ಫ್ಲೋರಿಡಾದ ಕಂದಾಯ ಇಲಾಖೆಯ ಡೇಟಾಬೇಸಿನಲ್ಲಿ ಯಾರು ಬೇಕಾದರೂ ವಿಳಾಸ ಹಾಕಿ ನೋಡಬಹುದು. ನೋಡಿದೆ. ಅದರಲ್ಲಿ ನಮ್ಮ ಮನೆ ಸರಿಯಾಗಿಯೇ ಇತ್ತು! ತಪ್ಪಿದ್ದದ್ದು ಕಂಪನಿಯ ದಾಖಲೆಯಲ್ಲಿ.

ರಾಜ್ಯದ ಡೇಟಾಬೇಸ್ ಬಳಸಿದ ಕಂಪನಿಗೆ ಅದರಲ್ಲಿನ ತಪ್ಪಿನ ಹೊಣೆ ಇಲ್ಲ. ಜಿಪ್ ಕೋಡ್ ಬಳಸಿದವರಿಗೂ, ಮುತುವರ್ಜಿಯಿಂದ ಮಾಡಿದ್ದರೆ, ಕಾನೂನಿನ ರಕ್ಷಣೆ ಇದೆ. ಎಲ್ಲರಿಗೂ ಕೊಡೆ ಹಿಡಿದು, ತಪ್ಪು ಹುಡುಕುವ ಕೆಲಸವನ್ನು ಮಾತ್ರ ಬಿಲ್ ಕಟ್ಟುವವನಿಗೆ ಬಿಟ್ಟಿದ್ದಾರೆ. ತಿಂಗಳಿಗೆ ಚಿಲ್ಲರೆ ಕಾಸು ಅಂತ ಯಾರೂ ನೋಡಲ್ಲ, ಅಲ್ವಾ?

ಕಂಪನಿಗೆ ಫೋನ್ ಮಾಡಿ ಕೇಳಿದರೆ "ಅದು ಸರ್ಕಾರದ ತೆರಿಗೆ, ನಮ್ಮದಲ್ಲ" ಅಂದರು. ಸುಮ್ನೆ ಫೋನಿನಲ್ಲಿ ಜಗಳ ಆಡಬೇಡಿ, ಬರೆದು ಕಳಿಸಿ. ಬೀದಿ ವಿಳಾಸ, ಖಾತೆಯ ಹೆಸರು, ನಂಬರ್, ಏನು ತಪ್ಪಾಗಿದೆ ಅನ್ನುವುದು ಪತ್ರದಲ್ಲಿ ಇರಲಿ. ಹಲವು ರಾಜ್ಯಗಳ ಕಾನೂನಿನ ಪ್ರಕಾರ, ಪತ್ರ ಸಿಕ್ಕ 60 ದಿನದೊಳಗೆ ಕಂಪನಿ ಪರಿಶೀಲಿಸಲೇಬೇಕು. ತಪ್ಪಾಗಿದ್ದರೆ 2 ವರ್ಷದವರೆಗಿನ ತೆರಿಗೆ ವಾಪಸ್ ಕೊಡಬೇಕು, ಇಲ್ಲವಾದರೆ ಯಾಕೆ ಸರಿ ಅಂತ ಬರೆದು ತಿಳಿಸಬೇಕು. ಮನೆ ಬದಲಿಸಿದವರು ಹೊಸ ವಿಳಾಸ ಕೊಡೋದನ್ನೂ ಮರೀಬೇಡಿ, ನೀವು ಕೊಟ್ಟ ವಿಳಾಸವನ್ನೇ ಅವರು ನಂಬುವುದು.

ನನ್ನ ಹಣ ಬಂತು. ಎಷ್ಟು ಅಂತ ಹೇಳೋಕೆ ನಾಚಿಕೆ. ಆದರೆ ತಿದ್ದಿದ್ದು ನಮ್ಮ ಮನೆಯ ದಾಖಲೆ ಒಂದನ್ನೇ. ಅದೇ ಕಂಪನಿಯ ಫೋನಿರುವ ಎದುರು ಮನೆಯವರ ಬಿಲ್ಲಿನಲ್ಲಿ ಈ ತಿಂಗಳೂ ನಗರದ ತೆರಿಗೆ ಇದೆ.

— ಫ್ಲೋರಿಡಾದ ಒಬ್ಬ ಓದುಗ