ತಡವಾಗಿ ಕೊಟ್ಟ ಕಾಗದ

ಹೊನ್ನಾವರ
ಜನವರಿ 11

ಪ್ರೀತಿಯ ಪುಟ್ಟಿ,

ಈ ಕಾಗದ ನಿನ್ನ ಕೈಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಇಲ್ಲಿಂದ ಚೆನ್ನೈ, ಅಲ್ಲಿಂದ ಶ್ರೀ ವಿಜಯ ಪುರಂ. ನನ್ನ ಬಾಯಿಗೆ ಇನ್ನೂ ಪೋರ್ಟ್ ಬ್ಲೇರ್ ಅಂತಲೇ ಬರುತ್ತದೆ. ಮತ್ತೆ ಹಡಗು ಹತ್ತಿ ಲಿಟಲ್ ಅಂಡಮಾನ್‌ನ ಹಟ್ ಬೇ. ಅದರಿಂದಾಚೆ ಅಂಚೆಯವರು ಇಲ್ಲ. ಸಮುದ್ರ ಸುಮ್ಮನಿದ್ದ ದಿನ, ರೇಷನ್ ತರುವ ಡಿಂಗಿಯಲ್ಲಿ, ಅಕ್ಕಿ ಚೀಲದ ಜೊತೆ ನಿಮ್ಮ ಆಮೆ ಎಣಿಸುವ ಕ್ಯಾಂಪಿಗೆ ಬರಬೇಕು. ಒದ್ದೆ ಆಗದ ಹಾಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿದ್ದೇನೆ.

ಆ ರಾತ್ರಿ ಮನೆಯಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಆದರೆ ನೀನು ಒಂದು ಮಾತು ಕೇಳಿದ್ದೆ. "ಬೇರೆಯವರ ಕಾಗದ ಯಾವತ್ತಾದ್ರೂ ಹೀಗೆ ಅಡಗಿಸಿ ಇಟ್ಕೊಂಡಿದ್ದೀಯಾ ಅಪ್ಪ?" ನಾನು ಏನೂ ಹೇಳದೆ ಅಂಗಳಕ್ಕೆ ಎದ್ದು ಹೋದೆ. ಇಟ್ಟುಕೊಂಡಿದ್ದೇನೆ ಪುಟ್ಟಿ. 33 ವರ್ಷದ ಪೋಸ್ಟ್‌ಮನ್ ನೌಕರಿಯಲ್ಲಿ ಒಂದೇ ಒಂದು ಸಲ. ಅಂಗಿಯ ಜೇಬಿನಲ್ಲಿ, ಒಂದೂವರೆ ತಾಸು. ಇದನ್ನು ನಿನ್ನ ಆಯಿಗೂ ಹೇಳಿಲ್ಲ.

ನೀನು ಹುಟ್ಟುವುದಕ್ಕೆ ಮೊದಲಿನ ಮಾತು. 1991. ಚೌತಿ ಮುಗಿದು ನಾಲ್ಕೈದು ದಿನ ಆಗಿತ್ತು. ಆಗ ಹಳ್ಳಿಗೆ ತಂತಿ ಬಂದರೆ ಒಯ್ದು ಕೊಡುವವರೂ ನಾವೇ. 2013ರಲ್ಲಿ ಆ ಸೇವೆಯೇ ನಿಂತಿತು, ನಿನಗೆ ಅದರ ಹೆದರಿಕೆ ಗೊತ್ತಿಲ್ಲ. ಸೈಕಲ್ ಬೆಲ್ ಕೇಳಿ ಓಡಿ ಬರುವ ಜನ, "ತಂತಿ" ಅಂದ ಕೂಡಲೇ ಗೋಡೆ ಹಿಡಿದು ನಿಲ್ಲುತ್ತಿದ್ದರು. ಒಡೆಯುವ ಮೊದಲೇ ಅಳು ಶುರುವಾಗುತ್ತಿತ್ತು.

ಅವತ್ತು ಬಂದದ್ದು ಮಲ್ಪೆಯಿಂದ. ನಮ್ಮ ಹೊಳೆಯಾಚೆಯ ಕಾಸರಕೋಡಿನ ಟೊಂಕದ ಕಡೆ ಒಂದು ಮನೆಗೆ. ಆ ಮನೆಯ ಹುಡುಗ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ. ಬೋಟ್ ಬಂದಿಲ್ಲ, ಕೂಡಲೇ ಬನ್ನಿ ಅಂತ ಇಂಗ್ಲಿಷಿನಲ್ಲಿ ನಾಲ್ಕೈದು ಶಬ್ದ. ಶರಾವತಿ ಸೇತುವೆ ದಾಟುವವರೆಗೂ ಇದನ್ನೇ ಮೊದಲು ಕೊಡಬೇಕು ಅಂತ ಇದ್ದೆ. ದೂರದಿಂದಲೇ ಹುಡುಗನ ತಾಯಿ ಕಂಡಳು. ಮನೆ ಮುಂದೆ ಮೀನು ಒಣಗಲು ಹಾಕಿದ್ದಳು. ಒಂದೊಂದೇ ಬಂಗಡೆ ಎತ್ತಿ ಮಗುಚಿ ಇಡುತ್ತಾ, ಪಕ್ಕದ ಮನೆಯವಳ ಹತ್ತಿರ ಏನೋ ಹೇಳಿ ಜೋರಾಗಿ ನಗುತ್ತಿದ್ದಳು. ನಾನು ಸೈಕಲ್ ತಿರುಗಿಸಿದೆ. ಉಳಿದ ಕಾಗದ ಕೊಟ್ಟು ಬರೋಣ, ಅಷ್ಟು ಹೊತ್ತು ಅವಳು ನಗಲಿ ಅನ್ನಿಸಿತು. ಎರಡು ಮನಿಯಾರ್ಡರ್, ಒಂದು ಬ್ಯಾಂಕಿನ ನೋಟಿಸು, ಮುಂಬೈಯಿಂದ ಬಂದ ಇನ್‌ಲ್ಯಾಂಡ್ ಲೆಟರ್. ಎಲ್ಲ ಕೊಟ್ಟೆ. ಒಂದು ಮನೆಯಲ್ಲಿ ಕೂತು ಚಹಾ ಕುಡಿದೆ.

ಒಂದೂವರೆ ತಾಸಿನ ಮೇಲೆ ಹೋದೆ. "ನೀವೇ ಓದಿ ಅಣ್ಣ" ಅಂದಳು. ಓದಿದೆ. ಅವಳ ಕೈಯಲ್ಲಿ ಇನ್ನೂ ಒಂದು ಮೀನು ಇತ್ತು. ಅದನ್ನು ಕೆಳಗೆ ಇಡಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬಿಸಿಲಲ್ಲಿ ಬಂದಿದ್ದೀರಿ, ನೀರು ಬೇಕಾ?" ಅಂತ ಕೇಳಿದಳು.

ಆ ಹೊತ್ತಿಗೆ ಹನ್ನೆರಡೂವರೆಯ ಬಸ್ಸು ಹೋಗಿ ಆಗಿತ್ತು. ಮುಂದಿನ ಬಸ್ಸು ಹಿಡಿದು ಅವಳು ಮಲ್ಪೆ ಮುಟ್ಟಿದಾಗ ಕತ್ತಲೆ. ಹುಡುಗನ ಹೆಣ ಮಧ್ಯಾಹ್ನವೇ ದಡಕ್ಕೆ ಬಂದಿತ್ತಂತೆ. ಮೂರು ದಿನ ನೀರಲ್ಲಿದ್ದ ಮೈ, ಇಟ್ಟುಕೊಳ್ಳುವ ಹಾಗಿರಲಿಲ್ಲ. ಸಂಜೆಯೇ ಸುಟ್ಟಿದ್ದರು. ಅವಳಿಗೆ ಮಗನ ಮುಖ ಸಿಗಲಿಲ್ಲ.

ನಿನ್ನ ಸ್ಪೀಡ್ ಪೋಸ್ಟ್ ಬಂದ ದಿನ ನನ್ನ ಕೈ ಹಾಗೆಯೇ ಮಾಡಿತು. ಕವರ್ ಮೇಲಿನ ಹೆಸರು ನೋಡಿಯೇ ಒಳಗಿರುವುದು ನಿನ್ನ ಕೆಲಸದ ಕಾಗದ ಅಂತ ಗೊತ್ತಾಯಿತು. ಸಹಿ ಹಾಕಿ ಕಳಿಸಿದರೆ ನೀನು ಮತ್ತೆ ಮೂರು ತಿಂಗಳು ಆ ದ್ವೀಪಕ್ಕೆ. ನೀನು ಪೇಟೆಗೆ ಹೋಗಿದ್ದೆ. ಕಪಾಟಿನಲ್ಲಿ ಪಂಚೆಯ ಕೆಳಗೆ ಇಟ್ಟೆ. ನಾಳೆ ಕೊಡೋಣ ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ನಾಲ್ಕನೇ ದಿನ ನಿನಗೇ ಸಿಕ್ಕಿತು.

ಹೋದ ವರ್ಷ ನಿನ್ನ ಸುದ್ದಿಯೇ ಇಲ್ಲದ ಆ 11 ದಿನ ಇನ್ನೂ ನನ್ನ ಮೈಯಲ್ಲಿದೆ. 2020ರಲ್ಲಿ ಚೆನ್ನೈಯಿಂದ ಸಮುದ್ರದ ಅಡಿಯಲ್ಲಿ ಕೇಬಲ್ ಹಾಕಿದರು, ಲಿಟಲ್ ಅಂಡಮಾನಿಗೂ ಇಂಟರ್ನೆಟ್ ಬಂತು ಅಂತ ಪೇಪರಿನಲ್ಲಿ ಓದಿ ಧೈರ್ಯ ತಂದುಕೊಂಡಿದ್ದೆ. ನಿಮ್ಮ ಕ್ಯಾಂಪ್ ಇರುವ ವೆಸ್ಟ್ ಬೇಯಲ್ಲಿ ಸಿಗ್ನಲ್ಲೇ ಇಲ್ಲ ಅಂತ ಆಮೇಲೆ ತಿಳಿಯಿತು. ಸಮುದ್ರ ಜೋರಿತ್ತು, ಡಿಂಗಿ ಇಳಿಯಲಿಲ್ಲ, ಅಷ್ಟೇ ಅಂತ ನೀನು ಹೇಳಿದೆ. ನಿನಗೆ ಅಷ್ಟೇ. ಏಳನೇ ದಿನ ನಾನು ದಣಪೆ ಹತ್ತಿರ ನಿಂತಿದ್ದೆ. ಈಗಿನ ಪೋಸ್ಟ್‌ಮನ್ ಹುಡುಗ ಬೈಕಿನಲ್ಲಿ ಬಂದ. ಚೀಲಕ್ಕೆ ಕೈ ಹಾಕಿದ. ನಾನು ಕಾಂಪೌಂಡ್ ಗೋಡೆ ಹಿಡಿದುಕೊಂಡೆ. ಅವನು ಕೊಟ್ಟದ್ದು ವಿಮೆಯ ರಸೀದಿ. ಅದನ್ನು ಹಿಡಿದು ಎಷ್ಟು ಹೊತ್ತು ಅಲ್ಲೇ ನಿಂತೆನೋ, "ಅಂಕಲ್, ಹುಷಾರಿದ್ದೀರಾ?" ಅಂತ ಅವನೇ ಒಳಗೆ ಕರೆದುಕೊಂಡು ಬಂದು ಕೂರಿಸಿದ.

ಆದರೂ ತಪ್ಪು ತಪ್ಪೇ. ಕಾಗದ ಯಾರ ಹೆಸರಿಗೆ ಬಂದಿದೆಯೋ ಅವರದ್ದು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಮಾತು ಅದು. ನಿನ್ನ ಕಾಗದವನ್ನು ನಾನು ಇಟ್ಟುಕೊಳ್ಳಬಾರದಿತ್ತು. ಕ್ಷಮಿಸು.

ಮೊನ್ನೆ ಒಂದು ಕೆಲಸ ಮಾಡಿದೆ. ಲೆದರ್‌ಬ್ಯಾಕ್ ಆಮೆ ಮರಳಿನ ಮೇಲೆ ಎಳೆದುಕೊಂಡು ಬಂದರೆ ಅದರ ಜಾಡು ಆರೇಳು ಅಡಿ ಅಗಲ ಅಂತ ನೀನು ಹೇಳಿದ್ದೆಯಲ್ಲ. ಆಯಿಯ ಹೊಲಿಗೆ ಟೇಪ್ ತಂದು ಅಂಗಳದಲ್ಲಿ ಅಳೆದೆ. ಎರಡೂ ಬದಿಗೆ ಸುಣ್ಣದ ಗೆರೆ ಹಾಕಿ ನಡುವೆ ನಿಂತೆ. ತುಳಸಿ ಕಟ್ಟೆಯಿಂದ ಬಾವಿಯ ಹತ್ತಿರದವರೆಗೆ ಬಂತು. ನಮ್ಮ ಟೊಂಕಕ್ಕೆ ಬರುವ ರಿಡ್ಲಿ ಆಮೆಯ ಜಾಡು ಇದರ ಅರ್ಧವೂ ಇಲ್ಲ. ಆ ಗೆರೆಗಳ ನಡುವೆ ನಿಂತಾಗ ನೀನು ಮಾಡುವ ಕೆಲಸ ಎಷ್ಟು ದೊಡ್ಡದು ಅಂತ ಮೊದಲ ಸಲ ಕಣ್ಣಿಗೆ ಕಂಡಿತು. ಕೆಲವು 500 ಕೆಜಿವರೆಗೂ ತೂಗುತ್ತವಂತೆ. ಇಡೀ ರಾತ್ರಿ ಕೆಂಪು ಬೆಳಕಿನ ಟಾರ್ಚ್ ಹಿಡಿದು ನಡೆದು, ಅಂಥ ಜೀವ ಮೊಟ್ಟೆ ಇಡುವಾಗ ಹಿಂದೆ ಮೊಣಕಾಲೂರಿ ಕೂತು, ಅದರ ಬೆನ್ನಿಗೆ ಟೇಪ್ ಹಿಡಿಯುವವಳು ನನ್ನ ಮಗಳು. ಒಂಬತ್ತು ವರ್ಷದವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಆಮೆ ತೋರಿಸಲು ಟೊಂಕಕ್ಕೆ ಹೋದದ್ದು ನಾನೇ. ನಿನ್ನ ಆಯಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ನೀನು ಹೇಳಿದ್ದು ಯಾವುದನ್ನೂ ಮರೆತಿಲ್ಲ. ಒಂದು ಗೂಡಿಗೆ ಸುಮಾರು 100 ಮೊಟ್ಟೆ. ಮರಿ ಹೊರಬರಲು ಹತ್ತಿರ ಹತ್ತಿರ 60 ದಿನ. ಮರಳು ಬಿಸಿ ಆದರೆ ಹೆಣ್ಣು, ತಂಪಾದರೆ ಗಂಡು. ಭೂಮಿ ಬಿಸಿಯಾಗುತ್ತಾ ಹೋದರೆ ಹೆಣ್ಣೇ ಜಾಸ್ತಿ ಆಗುತ್ತವಲ್ಲ ಅಂತ ನಿನಗೆ ಚಿಂತೆ. ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಆಮೆಯ ಭುಜದ ಚರ್ಮದೊಳಗೆ ಇಡುತ್ತೀರಿ, ಎರಡು ಮೂರು ವರ್ಷ ಬಿಟ್ಟು ಅದೇ ಆಮೆ ಬಂದರೆ ಗುರುತು ಸಿಗಲಿ ಅಂತ. ಅದು ನನಗೆ ತಟ್ಟನೆ ಅರ್ಥವಾಯಿತು, ಅಂಚೆ ಸೀಲು ಇದ್ದ ಹಾಗೆ. 2011ರಿಂದ 2014ರೊಳಗೆ ಬೆಂಗಳೂರಿನ ವಿಜ್ಞಾನಿಗಳು ಅಲ್ಲಿಯ 10 ಆಮೆಗಳ ಬೆನ್ನಿಗೆ ಉಪಗ್ರಹದ ಯಂತ್ರ ಕಟ್ಟಿದ್ದರು, ಕೆಲವು ಆಸ್ಟ್ರೇಲಿಯಾ ಕಡೆ ಹೋದವು, ಕೆಲವು ಆಫ್ರಿಕಾ ಕಡೆ, ಒಂದು ಮೊಜಾಂಬಿಕ್‌ವರೆಗೆ 13,000 ಕಿಲೋಮೀಟರಿಗೂ ಹೆಚ್ಚು ಈಜಿತು ಅಂತ ಹೇಳಿದ್ದೆ. ಪೇಟೆಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳುತ್ತೇನೆ. ಕೇಳಿದವರೂ ಮತ್ತೆ ಕೇಳಬೇಕಾಗುತ್ತದೆ.

ಒಂದು ಮಾತು ಮಾತ್ರ ನಡೆಸಿಕೊಡು. ನೆಲ ಅಲುಗಾಡಿದರೆ ಸಾಮಾನು ನೋಡಬೇಡ, ಡೇಟಾ ಪುಸ್ತಕವನ್ನೂ ನೋಡಬೇಡ, ಎತ್ತರಕ್ಕೆ ಓಡು. 2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ಆರೂವರೆಗೆ ಭೂಮಿ ನಡುಗಿದ್ದು. ಗ್ರೇಟ್ ನಿಕೋಬಾರ್‌ನ ಗಲಾಥಿಯಾದಲ್ಲಿ ಆಮೆ ನೋಡಲು ಹಾಕಿದ್ದ ಕ್ಯಾಂಪನ್ನೇ ತೆರೆ ಒಯ್ದಿತು. ಅಲ್ಲಿದ್ದವರೂ ನಿನ್ನ ಹಾಗೆ ಕೆಲಸಕ್ಕೆ ಹೋದವರೇ, ಅವರ ಮನೆಯಲ್ಲೂ ಯಾರೋ ದಣಪೆ ಹತ್ತಿರ ನಿಂತಿದ್ದರು. ಅದೇ ದ್ವೀಪದ ದಕ್ಷಿಣ ತುದಿ ಇಂದಿರಾ ಪಾಯಿಂಟ್‌ನ ನೆಲ 4 ಮೀಟರಿಗಿಂತ ಜಾಸ್ತಿ ಕುಸಿದು ಲೈಟ್‌ಹೌಸ್ ನೀರಲ್ಲಿ ನಿಂತಿತು. ಹೈದರಾಬಾದ್‌ನಲ್ಲಿ ಈಗ ಸುನಾಮಿ ಎಚ್ಚರಿಕೆ ಕೇಂದ್ರ ಇದೆ, ನಿಜ. ಸಿಗ್ನಲ್ ಇಲ್ಲದ ಜಾಗಕ್ಕೆ ಆ ಎಚ್ಚರಿಕೆ ಹೇಗೆ ಮುಟ್ಟುತ್ತದೆ? ಕಡಲು ಹಿಂದೆ ಸರಿದದ್ದು ನೋಡಿಯೇ ಲಿಟಲ್ ಅಂಡಮಾನಿನ ಮೂಲನಿವಾಸಿ ಓಂಗೆ ಜನ ಎತ್ತರಕ್ಕೆ ಹೋಗಿ ಉಳಿದುಕೊಂಡರು ಅಂತ ನೀನೇ ಹೇಳಿದ್ದೆ. ಅವರ ಹಾಗೆ ಕಡಲನ್ನು ನೋಡುವುದು ಕಲಿ. ಹಳ್ಳ ಸಮುದ್ರಕ್ಕೆ ಸೇರುವ ಕಡೆ ಕಾಲು ತೊಳೆಯಲು ಬಗ್ಗಬೇಡ, ಅಲ್ಲಿ ಉಪ್ಪುನೀರಿನ ಮೊಸಳೆ ಇರುತ್ತದೆ. ಜ್ವರ ಬಂದರೆ ಮಾತ್ರೆ ನುಂಗಿ ಎರಡು ದಿನ ನೋಡೋಣ ಅನ್ನಬೇಡ, ಅಲ್ಲಿಯ ಮಲೇರಿಯಾ ಕಾಯುವುದಿಲ್ಲ, ಅವತ್ತೇ ಹಟ್ ಬೇಗೆ ಹೊರಡು. ನಿಮ್ಮ ಜೊತೆ ಇರುವ ಕರೆನ್ ಹಿರಿಯರು ಇವತ್ತು ಡಿಂಗಿ ಬೇಡ ಅಂದರೆ ವಾದ ಮಾಡಬೇಡ. 1925ರಲ್ಲಿ ಬರ್ಮಾದಿಂದ ಬಂದು ಆ ದ್ವೀಪಗಳಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅವರು, ಆ ನೀರು ಅವರಿಗೆ ಗೊತ್ತು. ನೀನು ಎಷ್ಟೇ ಓದಿದ್ದರೂ ನೀರಿನ ಮುಂದೆ ಚಿಕ್ಕವಳೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಪೂರ್ತಿ ನಡೆದ ಮೇಲೆ ಹಗಲು ನಿದ್ದೆ ಮಾಡಲೇಬೇಕು. ಈಗ ವಯಸ್ಸಿದೆ, ಗೊತ್ತಾಗುವುದಿಲ್ಲ. ನಲವತ್ತು ದಾಟಿದ ಮೇಲೆ ಮೊಣಕಾಲು ಲೆಕ್ಕ ಕೇಳುತ್ತದೆ. ಸೈಕಲ್ ತುಳಿದವನು ಹೇಳುತ್ತಿದ್ದೇನೆ.

ಒಂದೇ ಮಾತು ಅಂದವನು ಎಷ್ಟೊಂದು ಬರೆದೆ. ಇರಲಿ, ಹೊಡೆದು ಹಾಕುವುದಿಲ್ಲ. ಎಲ್ಲವೂ ನಿಜವಾಗಿ ಹೇಳಬೇಕಾದದ್ದೇ.

ಗಲಾಥಿಯಾದ ಮರಳು ಸುನಾಮಿಯಲ್ಲಿ ಕೊಚ್ಚಿ ಹೋಗಿ ಮತ್ತೆ ಕೂಡಿತು, ಆಮೆಗಳೂ ತಿರುಗಿ ಬಂದವು, ಈಗ ಅಲ್ಲೇ ದೊಡ್ಡ ಬಂದರು ಕಟ್ಟಲು ಹೊರಟಿದ್ದಾರೆ ಅಂತ ಹೇಳುವಾಗ ನಿನ್ನ ದನಿ ಒಡೆದಿತ್ತು. ನಮ್ಮ ಟೊಂಕದಲ್ಲೂ ಬಂದರು ಕಟ್ಟುವ ಜಗಳ ನೋಡಿದವನು ನಾನು. ಅಲ್ಲಿ ಎಷ್ಟು ಆಮೆ ಬರುತ್ತವೆ ಅಂತ ಎಣಿಸಿದವರು ಒಬ್ಬರೂ ಇಲ್ಲದಿದ್ದರೆ, ಆಮೆಯೇ ಇಲ್ಲ ಅಂತ ಬರೆದುಬಿಡುತ್ತಾರೆ. ಹಾಗಾಗಿ ಎಣಿಸುವವರು ಬೇಕು. ಅದು ಗೊತ್ತಿದ್ದೂ ಕವರ್ ಅಡಗಿಸಿಟ್ಟೆ.

ಮತ್ತೆ ಆ ತಾಯಿಯೇ ಕಣ್ಣ ಮುಂದೆ ಬರುತ್ತಾಳೆ. ಆಮೇಲೆ ಹದಿನೆಂಟು ವರ್ಷ ಅದೇ ದಾರಿಯಲ್ಲಿ ಕಾಗದ ಹಂಚಿದೆ. ಪ್ರತಿ ತಿಂಗಳು ಅವಳ ವಿಧವಾ ವೇತನದ ಮನಿಯಾರ್ಡರ್ ನಾನೇ ಕೊಟ್ಟೆ. ಹೆಬ್ಬೆಟ್ಟು ಒತ್ತಿಸಿಕೊಂಡು, ದುಡ್ಡು ಎರಡು ಸಲ ಎಣಿಸಿ ಕೊಡುತ್ತಿದ್ದೆ. ಅವಳು ನೀರು ಕೊಡುತ್ತಿದ್ದಳು, ಬೇಸಿಗೆಯಲ್ಲಿ ಮುರುಗಲು ಪಾನಕ. ಆ ತಂತಿಯನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿ ಇಟ್ಟಿದ್ದಳು. ಅದರ ಮೇಲೆ ಸೀಲು ಇತ್ತು, ನಮ್ಮ ಆಫೀಸಿಗೆ ಎಷ್ಟು ಹೊತ್ತಿಗೆ ಬಂತು ಅಂತ ಬರೆದಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಪ್ರತಿ ತಿಂಗಳು ಇವತ್ತು ಹೇಳಿಬಿಡಬೇಕು ಅಂತ ಹೋಗುತ್ತಿದ್ದೆ. 2009ರ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಹೇಳಲು ಆಗಲೇ ಇಲ್ಲ. ನಿನ್ನ ಹತ್ತಿರವೂ ಹಾಗೆ ಆಗಬಾರದು ಅಂತ ನಿನ್ನೆ ರಾತ್ರಿಯೇ ಬರೆಯಲು ಕೂತೆ. ಈಗ ಕೋಳಿ ಕೂಗುತ್ತಿದೆ.

ಇದರ ಜೊತೆ ಐದು ಇನ್‌ಲ್ಯಾಂಡ್ ಲೆಟರ್ ಇಟ್ಟಿದ್ದೇನೆ. ಐದರ ಮೇಲೂ ನಮ್ಮ ಮನೆ ವಿಳಾಸ ಬರೆದಿದೆ. ರೇಷನ್ ಡಿಂಗಿ ಬಂದಾಗಲೆಲ್ಲ ಒಂದನ್ನು ಕೊಟ್ಟು ಕಳಿಸು. ಸಿಟ್ಟು ಇನ್ನೂ ಇಳಿದಿಲ್ಲ ಅಂದರೆ ಏನೂ ಬರೆಯಬೇಡ, ಆ ವಾರ ಎಷ್ಟು ಆಮೆ ಬಂದವು ಅಂತ ಸಂಖ್ಯೆ ಮಾತ್ರ ಬರಿ. ಆಯಿಗೆ ನಾನು ಓದಿ ಹೇಳುತ್ತೇನೆ.

ನಿನ್ನ
ಅಪ್ಪ