ಗೋಡೆಗೆ ಗೆರೆ ಎಳೆದವರಿಗೆ

ಈ ಸಲದ ರೊಟ್ಟಿ ಪಂಚಮಿಗೆ ನಮ್ಮ ಮನೆಯ ರೊಟ್ಟಿಯನ್ನು ನಾನೇ ಬಡಿದೆ. ಒಟ್ಟು 62. ಲೆಕ್ಕ ಇಟ್ಟವಳು ಸೊಸೆ. ಹತ್ತು ಮುಗಿದಾಗೊಮ್ಮೆ ನನ್ನ ಮುಖ ನೋಡಿ, "ಅತ್ತೆ, ಇನ್ನು ಸಾಕು ಮಾಡಿ" ಎನ್ನುತ್ತಿದ್ದಳು. ನಾನು ಕೇಳಿಸದವಳಂತೆ ಮುಂದಿನ ಉಂಡೆಗೆ ಕೈ ಹಾಕುತ್ತಿದ್ದೆ.

ಧಾರವಾಡದಲ್ಲಿ 22 ವರ್ಷದಿಂದ ಖಾನಾವಳಿ ನಡೆಸುವವಳು ರೊಟ್ಟಿ ಬಡಿದದ್ದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಹೋದ ವರ್ಷ ಇದೇ ದಿನ ನನ್ನ ಬಲಗೈ ಎದೆಮಟ್ಟ ದಾಟಿ ಮೇಲೆ ಏಳುತ್ತಿರಲಿಲ್ಲ. ಬೈತಲೆ ತೆಗೆಯಲು ಸೊಸೆ ಬೇಕು, ಕುಪ್ಪಸದ ಗುಂಡಿಗೆ ಸೊಸೆ ಬೇಕು, ಮಾಡದ ಮೇಲಿನ ಉಪ್ಪಿನಕಾಯಿ ಭರಣಿಗೆ ಮೊಮ್ಮಗ ಬೇಕು. ಕೈ ಏಳದ ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ನಮ್ಮ ಬಡಾವಣೆಯ ಪ್ರಕೃತಿ ಚಿಕಿತ್ಸಾಲಯದ ಎಲ್ಲರಿಗೂ ಒಂದು ಕಾಗದ ಬರೆಯಬೇಕು ಎಂದುಕೊಳ್ಳುತ್ತಲೇ ನಾಲ್ಕು ತಿಂಗಳು ಕಳೆದವು. ಪಂಚಮಿಯ ಮರುದಿನ ಪೆನ್ನು ಹಿಡಿದಿದ್ದೇನೆ. ಇದನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ ಎಂಬುದನ್ನೂ ಗಮನಿಸಿ.

ನೋವು ಶುರುವಾದದ್ದು ಹೋದ ವರ್ಷದ ಸಂಕ್ರಾಂತಿಯ ಹೊತ್ತಿಗೆ. ರೊಟ್ಟಿ ಬಡಿಯುವವರಿಗೆ ರಟ್ಟೆ ನೋಯುವುದು ಹೊಸದಲ್ಲ. ಎಳ್ಳೆಣ್ಣೆ ತಿಕ್ಕಿದೆ, ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟುಕೊಂಡೆ. ಯಾರೋ ಹೇಳಿದರೆಂದು ಒಬ್ಬರ ಹತ್ತಿರ ಹೋಗಿ ಭುಜ ಎಳೆಸಿಕೊಂಡೆ. ಅವರು ಎಳೆದ ರಭಸಕ್ಕೆ ಆ ರಾತ್ರಿ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ. ಯುಗಾದಿಯ ಹೊತ್ತಿಗೆ ನೋವು ತುಸು ಇಳಿದಿತ್ತು. ಅದರ ಬದಲು ಭುಜ ಬಿಗಿದು ಕೂತಿತ್ತು. ತುಕ್ಕು ಹಿಡಿದ ಬಾಗಿಲ ತಿರುಗಣಿಯಂತೆ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಚಿಕಿತ್ಸಾಲಯಕ್ಕೆ ಹೋದ ಮೊದಲ ದಿನ ನನಗೆ ಮಣ್ಣು ಬಳಿಯುತ್ತಾರೆ, ಅಥವಾ ಸೊಪ್ಪಿನ ರಸ ಕುಡಿಸುತ್ತಾರೆ ಎಂದುಕೊಂಡಿದ್ದೆ. ಡಾಕ್ಟರಮ್ಮ ಎರಡನ್ನೂ ಮಾಡಲಿಲ್ಲ. ಕೈಯನ್ನು ನಾಲ್ಕು ದಿಕ್ಕಿಗೆ ಮೆಲ್ಲಗೆ ಎತ್ತಿಸಿ ನೋಡಿ, ಭುಜದ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ, ಜೊತೆಗೆ ಮೂರು ತಿಂಗಳ ಸರಾಸರಿ ತೋರಿಸುವ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಭುಜ ಹೀಗೆ ಬಿಗಿಯುವುದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರಂತೆ. ಕೀಲಿನ ಸುತ್ತಲಿನ ಪೊರೆ ದಪ್ಪಗಾಗಿ ಮುದುಡಿಕೊಳ್ಳುತ್ತದೆ, ನಲವತ್ತರಿಂದ ಅರವತ್ತರ ನಡುವಿನ ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಇದ್ದವರಲ್ಲಿ ಇನ್ನೂ ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲಿಕೆ. ಇಷ್ಟು ಹೇಳಿ ಅವರು ಇನ್ನೊಂದು ಮಾತು ಸೇರಿಸಿದರು. ಇದು ಬಹಳ ಜನರಲ್ಲಿ ಒಂದರಿಂದ ಮೂರು ವರ್ಷದಲ್ಲಿ ತಾನಾಗಿಯೇ ಬಿಡುತ್ತದೆ. ನಾವು ಮಾಡುವುದು ನೋವು ಕಡಿಮೆ ಮಾಡಿ, ಕೀಲು ಪೂರಾ ಜಡವಾಗದಂತೆ ಕಾಯುವುದು. ಸಕ್ಕರೆಯ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಡಬೇಡಿ.

ದುಡ್ಡು ಕೊಡಲು ಬಂದವಳಿಗೆ ಯಾವ ಡಾಕ್ಟರರು ಹೀಗೆ ಹೇಳುತ್ತಾರೆ? ನನ್ನ ಮೊದಲ ನಮಸ್ಕಾರ ಆ ಮಾತಿಗೆ. ಉಜಿರೆಯಲ್ಲಿ ಐದೂವರೆ ವರ್ಷ ಓದಿ ಬಂದವರು ಎಂದು ತಿಳಿದಾಗ, ಮಣ್ಣು ಬಳಿಯಲು ಅಷ್ಟು ವರ್ಷ ಓದಬೇಕೇ ಎಂದು ಮನಸ್ಸಿನಲ್ಲಿ ನಕ್ಕಿದ್ದೆ. ಅದಕ್ಕೆ ಈಗ ಕ್ಷಮೆಯನ್ನೂ ಕೇಳುತ್ತೇನೆ.

ಮಣ್ಣಿನ ಮಾತು ಬಂತು. ನಾಲ್ಕು ಅಡಿ ಆಳದಿಂದ ತೆಗೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಹಿಂದಿನ ರಾತ್ರಿಯೇ ನೆನೆಹಾಕಿದ ಮಣ್ಣನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಕಣ್ಣಿಗೊಂದು, ಹೊಟ್ಟೆಗೊಂದು ಪಟ್ಟಿ ಇಡುತ್ತಾರೆ. ಬೆಳಿಗ್ಗೆ ಏಳಕ್ಕೆ ಸಾಲಾಗಿ ಮಲಗಿದರೆ ಅರ್ಧ ಗಂಟೆ ಅಲ್ಲಾಡುವಂತಿಲ್ಲ. ನಮ್ಮ ಊರು ಮಲೆನಾಡಿನ ಅಂಚು, ಬಯಲುಸೀಮೆಯ ಬಾಗಿಲು. ಪಡುವಣಕ್ಕೆ ಕೆಂಪು ಮಣ್ಣು, ಮೂಡಣಕ್ಕೆ ಎರೆ. ಹಾಗಾಗಿ ಯಾವ ಮಣ್ಣು ಒಳ್ಳೆಯದು ಎಂಬ ಜಗಳ ಅಲ್ಲಿ ದಿನವೂ ಇರುತ್ತಿತ್ತು. ನವಲಗುಂದದ ಕಡೆಯ ಅಜ್ಜ ಒಬ್ಬರು ಎರೆ ಮಣ್ಣಿನ ತಂಪು ಬೇರೆ ಯಾವುದಕ್ಕೂ ಇಲ್ಲ ಎಂದರೆ, ಅಳ್ನಾವರದ ಅಕ್ಕ ಒಬ್ಬರು ಹುತ್ತದ ಮಣ್ಣಿನ ಪರ. ಕಣ್ಣ ಮೇಲೆ ಮಣ್ಣು ಇಟ್ಟುಕೊಂಡು ಮಣ್ಣಿಗಾಗಿ ಜಗಳವಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಂಡಿಲ್ಲ ಎನ್ನುವುದೂ ತಪ್ಪು, ನನ್ನ ಕಣ್ಣ ಮೇಲೂ ಮಣ್ಣೇ ಇತ್ತು.

ಮುಖ ಕಾಣದಿದ್ದರೆ ಮನುಷ್ಯರು ಎಷ್ಟು ಮಾತಾಡುತ್ತಾರೆ! ಮೂರನೆಯ ದಿನ ಎಡಗಡೆಯಿಂದ ಒಂದು ದನಿ, "ಈಗ ಸಮಯ ಏಳು ಗಂಟೆ ಇಪ್ಪತ್ತು ನಿಮಿಷ" ಎಂದಿತು. ನನಗೆ ಮೈ ಜುಮ್ಮೆಂದಿತು. ಆ ದನಿ ನನ್ನ ಅಡುಗೆಮನೆಯದು. ಖಾನಾವಳಿ ತೆರೆದ ಹೊಸದರಲ್ಲಿ ಒಲೆಯ ಮೇಲಿನ ಗೂಡಿನಲ್ಲಿ ಒಂದು ರೇಡಿಯೊ ಇತ್ತು. ಬೆಳಗಿನ ಹಿಟ್ಟು ಕಲಸುವ ಹೊತ್ತಿಗೆ ಧಾರವಾಡ ಆಕಾಶವಾಣಿಯಿಂದ ಅದೇ ದನಿ ಬರುತ್ತಿತ್ತು. ನಿವೃತ್ತರಾದ ಆ ಉದ್ಘೋಷಕ ಕಾಕಾ ನನ್ನಿಂದ ಎರಡು ಮೊಳ ದೂರದಲ್ಲಿ ಹೊಟ್ಟೆಗೆ ಮಣ್ಣು ಹಾಕಿಕೊಂಡು ಮಲಗಿದ್ದರು. ಮಣ್ಣು ತೊಳೆದುಕೊಂಡು ಬಂದು ಮುಖ ನೋಡಿದರೆ, ಇಷ್ಟು ವರ್ಷ ನಾನು ಕಲ್ಪಿಸಿಕೊಂಡಿದ್ದ ಎತ್ತರದ ಆಳಲ್ಲ, ಕುಳ್ಳಗಿನ, ಬಕ್ಕತಲೆಯ ಮನುಷ್ಯ. ನಿಮ್ಮ ದನಿ ಕೇಳಿಕೊಂಡೇ ಲಕ್ಷ ರೊಟ್ಟಿ ಬಡಿದಿದ್ದೇನೆ ಎಂದಾಗ ಅವರ ಕಣ್ಣು ತುಂಬಿದವು. ಕಾಕಾ, ಆಮೇಲೆ ದಿನವೂ ನನಗಾಗಿಯೇ ಸಮಯ ಹೇಳಿದಿರಿ. ಅರ್ಧ ಗಂಟೆ ಅಲ್ಲಾಡದೆ ಮಲಗಲು ನನಗೆ ಅದೇ ಆಸರೆಯಾಗಿತ್ತು.

ಗೋಡೆಯ ಕಥೆಗೆ ಬರುತ್ತೇನೆ. ಭುಜಕ್ಕೆ ನನಗೆ ಕೊಟ್ಟದ್ದು ಬಿಸಿನೀರಿನ ತೋಳುಸ್ನಾನ, ಎಣ್ಣೆ ತಿಕ್ಕುವಿಕೆ, ರಾಟೆಯ ಹಗ್ಗ ಎಳೆಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು ಎರಡು ಬೆರಳನ್ನು ಇರುವೆಯಂತೆ ಮೇಲಕ್ಕೆ ನಡೆಸಬೇಕು. ಎಲ್ಲಿ ಇನ್ನು ಆಗದು ಎನ್ನಿಸುತ್ತದೋ ಅಲ್ಲಿ ಹತ್ತು ಎಣಿಸಿ ಇಳಿಸಬೇಕು. ಮೊಣಕಾಲಿಗೆಂದು ಬರುತ್ತಿದ್ದ, ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಅಣ್ಣ ಮೊದಲ ದಿನವೇ ನನ್ನ ಬೆರಳು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದರು. ಮಕ್ಕಳ ಎತ್ತರ ಗುರುತು ಮಾಡಿದ ಹಾಗೆ. ಆ ಗೋಡೆಯಲ್ಲಿ ನನ್ನಂಥ ಇನ್ನೂ ನಾಲ್ವರ ಗೆರೆಗಳಿದ್ದವು. ಒಬ್ಬರದು ಏರಿದರೆ ಉಳಿದವರು ಚಪ್ಪಾಳೆ. ಒಂದು ವಾರ ಏರದಿದ್ದರೆ ಯಾರೂ ಮಾತಾಡುತ್ತಿರಲಿಲ್ಲ, ಸುಮ್ಮನೆ ಬಂದು ಪಕ್ಕದಲ್ಲಿ ನಿಂತು ತಾವೂ ಗೋಡೆ ಹತ್ತುತ್ತಿದ್ದರು. ಕೈ ಸರಿಯಿದ್ದವರೂ!

ದೀಪಾವಳಿಗೆ ಸುಣ್ಣ ಬಳಿಯಲು ಬಂದ ಹುಡುಗ ಎಲ್ಲ ಗೆರೆಗಳನ್ನೂ ಅಳಿಸಿಬಿಟ್ಟ. ಮೂರು ತಿಂಗಳ ಸಂಪಾದನೆ! ನಾನು ಅತ್ತೇಬಿಟ್ಟೆ. ಸುಬೇದಾರ್ ಅಣ್ಣ ಜೇಬಿನಿಂದ ಸಣ್ಣ ಡೈರಿ ತೆಗೆದರು. ಎಲ್ಲರ ಎತ್ತರವೂ ಇಂಚುಗಳಲ್ಲಿ ಅದರಲ್ಲಿತ್ತು. ಟೇಪು ಹಿಡಿದು ಮತ್ತೆ ಎಳೆದರು. ನನ್ನದನ್ನು ಎರಡು ಇಂಚು ಕೆಳಗೆ ಹಾಕಿದ್ದೀರಿ ಎಂದು ನಾನು ತಕರಾರು ತೆಗೆದೆ. "ತಂಗಿ, ಡೈರಿ ಸುಳ್ಳು ಹೇಳುವುದಿಲ್ಲ. ನೀವು ಹಿಮ್ಮಡಿ ಎತ್ತಿದ್ದನ್ನು ನಾನು ಕಳೆದು ಬರೆದಿದ್ದೇನೆ" ಎಂದರು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಎನಿಮಾದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತು.

ಊಟದ ಬಗ್ಗೆ ಮಾತ್ರ ಬರೆಯಲೇಬೇಕು. ಅಲ್ಲಿಯ ಪಲ್ಯಕ್ಕೆ ಉಪ್ಪಿಲ್ಲ. ಎಣ್ಣೆ ಹೆಸರಿಗಷ್ಟೇ. ಮೊಳಕೆಕಾಳು, ಸೌತೆಕಾಯಿ, ಹಕ್ಕರಿಕೆ ಸೊಪ್ಪು, ಮೂಲಂಗಿಯ ಪಚಡಿ, ಬೆಳಿಗ್ಗೆ ಬೂದುಗುಂಬಳದ ರಸ. ಖಾನಾವಳಿಯವಳ ನಾಲಿಗೆಗೆ ಇದೆಂಥ ಶಿಕ್ಷೆ ಎಂದು ನಿಮಗೆ ಹೇಗೆ ಹೇಳಲಿ! ನನಗೆ ಸಕ್ಕರೆ ಇದ್ದುದರಿಂದ ಉಪವಾಸ ಮಾಡಿಸಲಿಲ್ಲ. ಮೂರು ದಿನ ರಸದ ಮೇಲೆಯೇ ಇದ್ದವರು ಮಧ್ಯಾಹ್ನ ಬೇವಿನ ಮರದ ಕೆಳಗೆ ನನ್ನ ಸುತ್ತ ಕೂರುತ್ತಿದ್ದರು. ಮಾತೆಲ್ಲ ಊಟದ್ದೇ. ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹುರಿಯಬೇಕು, ಮಸಾಲೆಗೆ ಹುಣಸೆ ಯಾವಾಗ ಹಾಕಬೇಕು ಎಂದು ಕೇಳುವುದು, ನಾನು ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. ತಲೆಶೂಲೆಗೆಂದು ಬರುತ್ತಿದ್ದ ಕಾಲೇಜು ಹುಡುಗಿ ಒಂದು ದಿನ, ಬದನೆಕಾಯಿ ಸೀಳುವ ಘಟ್ಟಕ್ಕೆ ಬಂದಾಗ, "ಅವ್ವಾ, ನಿಲ್ಲಿಸಿ, ನಾನು ಇಲ್ಲಿಂದ ಓಡಿಹೋಗುತ್ತೇನೆ" ಎಂದಳು. ಡಾಕ್ಟರಮ್ಮ ಬಂದು ಸಭೆ ಚದುರಿಸಿದರು.

ಆದರೆ ನನ್ನನ್ನು ಕರಗಿಸಿದ್ದು ಅದೇ ಊಟದ ಮನೆ. ನಾನು ಹೋಗಲು ಶುರು ಮಾಡಿದ ವಾರವೇ ರೊಟ್ಟಿ ಪಂಚಮಿ ಬಂದಿತ್ತು. ನಮ್ಮ ಕಡೆ ನಾಗರ ಪಂಚಮಿಯ ಮುಂಚೆ ಮನೆಮನೆಯಲ್ಲೂ ರೊಟ್ಟಿ ಮಾಡಿ, ಪಲ್ಯ ಚಟ್ನಿ ಇಟ್ಟು, ಓಣಿಯವರಿಗೆಲ್ಲ ಹಂಚುತ್ತಾರೆ. ನನ್ನ ಬುಟ್ಟಿಯೇ ಓಣಿಯಲ್ಲಿ ಎಲ್ಲರಿಗಿಂತ ದೊಡ್ಡದು. ಆ ವರ್ಷ ಬುಟ್ಟಿ ಖಾಲಿ. ಖಾನಾವಳಿಯನ್ನೂ ಮುಚ್ಚಿದ್ದೆ. ಚಿಕಿತ್ಸಾಲಯಕ್ಕೆ ಹೋದವಳು ಮೂಲೆಯಲ್ಲಿ ಕೂತಿದ್ದೆ. ದಿನವೂ ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ ತಂಗಿ ಟವೆಲ್ಲಿನಲ್ಲಿ ಸುತ್ತಿದ ಎರಡು ಸಜ್ಜೆ ರೊಟ್ಟಿ ತಂದು ನನ್ನ ತಟ್ಟೆಗಿಟ್ಟಳು. ಎಳ್ಳು ಹಚ್ಚಿದ್ದಳು. ಅಂಚು ದಪ್ಪ, ಒಂದು ಕಡೆ ಸೀದಿತ್ತು. ನಾನು ಬಿಡಿಸಿಕೊಳ್ಳಲು ಎಡಗೈಯಲ್ಲಿ ಒದ್ದಾಡುವುದನ್ನು ನೋಡಿ ತಾನೇ ತುಂಡು ಮಾಡಿ ಕೊಟ್ಟಳು. 22 ವರ್ಷ ಈ ಊರಿನ ವಿದ್ಯಾರ್ಥಿಗಳಿಗೆ, ಗುಮಾಸ್ತರಿಗೆ, ಆಟೋದವರಿಗೆ ಬಡಿಸಿದ್ದೇನೆ. ನನ್ನ ತಟ್ಟೆಗೆ ಯಾರಾದರೂ ಕೇಳದೆಯೇ ರೊಟ್ಟಿ ಹಾಕಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದರೆ ತವರುಮನೆಯವರೆಗೂ ಹೋಗಬೇಕಾಯಿತು. ತಂಗಿ, ಆ ಸೀದ ರೊಟ್ಟಿಯ ಋಣ ದೊಡ್ಡದು. ಅಂಚು ತೆಳ್ಳಗೆ ಬಡಿಯುವುದನ್ನು ಮಾತ್ರ ನಾನು ಕಲಿಸುತ್ತೇನೆ, ಒಂದು ಭಾನುವಾರ ಬಾ.

ನವೆಂಬರ್ 18 ಬಂತು. 1945ರಲ್ಲಿ ಆ ದಿನ ಗಾಂಧೀಜಿ ಪ್ರಕೃತಿ ಚಿಕಿತ್ಸೆಯ ಟ್ರಸ್ಟ್ ಒಂದರ ಪತ್ರಕ್ಕೆ ಸಹಿ ಹಾಕಿದರಂತೆ. ಅದರ ನೆನಪಿಗೆ 2018ರಿಂದ ಪ್ರಕೃತಿ ಚಿಕಿತ್ಸಾ ದಿನ ಆಚರಿಸುತ್ತಾರೆ. ಮರುವರ್ಷ, 1946ರಲ್ಲಿ, ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ ಅವರೇ ಹಳ್ಳಿಯವರಿಗೆ ಚಿಕಿತ್ಸೆ ಶುರು ಮಾಡಿದ್ದನ್ನು ಆಕಾಶವಾಣಿ ಕಾಕಾ ಚೆನ್ನಾಗಿ ಹೇಳಿದರು. ಭಾಷಣಗಳು ಉದ್ದವಾದವು, ಅದನ್ನು ಬಿಡೋಣ. ಅಂದು ಎಲ್ಲರೂ ಕೆಲಗೇರಿ ಕೆರೆಯವರೆಗೆ ನಡೆದು ಹೋದೆವು. ದಂಡೆಯ ಮೇಲೆ ನಗುವ ಆಟ ಆಡಿಸಿದರು. ಕಾರಣವಿಲ್ಲದೆ ಹಹಹ ಎನ್ನುವುದು ನನಗೆ ಹುಚ್ಚಾಟ ಎನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಸುಬೇದಾರ್ ಅಣ್ಣ ಆದೇಶ ಪಾಲಿಸುವವರಂತೆ ಎದೆ ಸೆಟೆಸಿ ನಗುವುದನ್ನು ನೋಡಿ ನಿಜವಾದ ನಗುವೇ ಬಂತು.

ಮಾರ್ಚಿನಲ್ಲಿ ನನ್ನ ಗೆರೆ ಗಡಿಯಾರದ ಕೆಳಗಿನ ಮೊಳೆ ಮುಟ್ಟಿತು. ಹಿಮ್ಮಡಿ ನೆಲದ ಮೇಲೆಯೇ ಇತ್ತು, ಮೂವರು ಬಗ್ಗಿ ನೋಡಿದ್ದಾರೆ. ಆ ಸಂಜೆ ಮನೆಗೆ ಬಂದು ನಾನೇ ತಲೆ ಬಾಚಿಕೊಂಡೆ. ಬೈತಲೆ ಸೊಟ್ಟ. ಸೊಸೆ ಸರಿ ಮಾಡಲು ಬಂದಳು, ಬೇಡ ಎಂದೆ. ನನ್ನ ಭುಜ ಬಿಟ್ಟದ್ದು ಮಣ್ಣಿನಿಂದಲೋ, ರಾಟೆಯಿಂದಲೋ, ಬರೀ ಕಾಲ ಕಳೆದದ್ದರಿಂದಲೋ ಎಂದು ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಬಿಡುವವರೆಗೆ ಕಾಯಬೇಕಿತ್ತು. ಒಬ್ಬಳೇ ಕಾಯುವಂತೆ ನೀವು ಬಿಡಲಿಲ್ಲ.

ಈ ವರ್ಷದ ರೊಟ್ಟಿಗೆ ಬರುತ್ತೇನೆ. ಬಿಳಿಜೋಳದ ಹಿಟ್ಟಿಗೆ ಕುದಿವ ನೀರು ಹಾಕಿ, ಅಂಗೈ ಬುಡದಿಂದ ನಾದಿ, ಮೊದಲ ಉಂಡೆ ಇಟ್ಟು ಬಡಿದಾಗ ಬಂದ ಆ ಸದ್ದು! ಬಡಿಯುತ್ತಾ ರೊಟ್ಟಿ ತಾನೇ ತಿರುಗಬೇಕು, ಅದು ತಿರುಗಿತು. ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರಿ, ಮಗುಚಿದಾಗ ಉಬ್ಬಿತು. 40 ಆದಮೇಲೆ ಭುಜ ಎಚ್ಚರಿಸಿತು, ಹತ್ತು ನಿಮಿಷ ಕೂತು ಮತ್ತೆ ಎದ್ದೆ. 62ರಲ್ಲಿ 50 ಚಿಕಿತ್ಸಾಲಯಕ್ಕೆ ಹೋದವು. ಡಾಕ್ಟರಮ್ಮ ಒಂದು ಮುರಿದು ಬಾಯಿಗಿಟ್ಟುಕೊಂಡು, ಶೇಂಗಾ ಚಟ್ನಿಗೆ ಉಪ್ಪು ಹೆಚ್ಚಾಯಿತು ಎಂದರು. ಆಮೇಲೆ ಎರಡು ರೊಟ್ಟಿ ತಿಂದರು.

ಗಣೇಶ ಚೌತಿ ಮುಗಿದ ಮೇಲೆ ಬರುವ ಸೋಮವಾರ ಖಾನಾವಳಿ ಮತ್ತೆ ತೆರೆಯುತ್ತದೆ. ಬಡಿಯಲು ಇನ್ನಿಬ್ಬರು ಇದ್ದಾರೆ, ನಾನು ದಿನಕ್ಕೆ ಮೂವತ್ತು ದಾಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನೀವೆಲ್ಲರೂ ಬರಬೇಕು. ನಿಮ್ಮ ಸಾಲಿನ ಪಲ್ಯವನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಟ್ಟಿರುತ್ತೇನೆ. ಉಪ್ಪಿನ ಬಟ್ಟಲು ಗಲ್ಲೆಯ ಪಕ್ಕ ಇರುತ್ತದೆ. ಬೇಕಾದವರು ಡಾಕ್ಟರಮ್ಮ ಕೈ ತೊಳೆಯಲು ಎದ್ದಾಗ ಬಂದು ತೆಗೆದುಕೊಳ್ಳಿ.